ಮೂರು ಹೆಜ್ಜೆ ನೆರಳು

ಶಿವಪುರದಲ್ಲಿ ಸತ್ಯಾಗ್ರಹದವರು ಬಾವುಟ ಹಾರಿಸಿದ ಮರುವರ್ಷ ನಾನು ಬೆಂಗಳೂರು ದಂಡಿನ ಒಂದು ಅಂಗಡಿಯಲ್ಲಿ ಓಟ ಅಳೆಯುವ ಕೈಗಡಿಯಾರ ಕೊಂಡೆ. ಎಷ್ಟು ಕೊಟ್ಟೆ ಎಂಬುದನ್ನು ಇವತ್ತಿಗೂ ನನ್ನ ಹೆಂಡತಿ ದೇವಿರಮ್ಮನಿಗೆ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಕೊತ್ತತ್ತಿಯ ಒಬ್ಬ ಒಕ್ಕಲಿಗನಿಗೆ ಅಂಥದ್ದು ಯಾಕೆ ಬೇಕಿತ್ತು ಎಂದು ಕೇಳುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ನನ್ನ ಹಟ್ಟಿಯಲ್ಲಿ ಒಂದು ಜೊತೆ ಓಟದ ಎತ್ತುಗಳಿದ್ದವು. ಮಳವಳ್ಳಿ ಕಡೆಯವರು ತಮ್ಮ ಎತ್ತುಗಳೇ ಮೇಲು ಎಂದು ಸಂತೆಯಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಅವರ ಬಾಯಿ ಮುಚ್ಚಿಸುವುದಕ್ಕೆ ಒಂದು ಖಚಿತವಾದ ಅಳತೆ ಬೇಕಿತ್ತು. ಅಷ್ಟೇ ಕಾರಣ ಎಂದು ಆಗ ನನ್ನನ್ನೇ ನಾನು ನಂಬಿಸಿಕೊಂಡಿದ್ದೆ.

ನಿಜ ಹೇಳಬೇಕೆಂದರೆ, ಅಂಗಡಿಯವನು ಆ ಗಡಿಯಾರವನ್ನು ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿದ ಗಳಿಗೆಯಲ್ಲೇ ನಾನು ಸೋತಿದ್ದೆ. ಉಕ್ಕಿನ ಮೈ, ಕಪ್ಪು ಮುಖ. ಆ ಮುಖದೊಳಗೆ ಇನ್ನೂ ಎರಡು ಪುಟ್ಟ ಮುಖಗಳು. ನೀರಿನ ತಳದಲ್ಲಿ ಕೂತು ಅದು ಒಂದು ಗುಳ್ಳೆಯನ್ನೂ ಬಿಡದೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಪಕ್ಕದಲ್ಲಿ ಎರಡು ಗುಂಡಿಗಳು. ಮೇಲಿನದನ್ನು ಒತ್ತಿದರೆ ಉದ್ದನೆಯ ಕೆಂಪು ಮುಳ್ಳು ನಿದ್ದೆಯಿಂದ ಎದ್ದಂತೆ ಓಡಲು ಶುರುಮಾಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಹಾರಿಹೋಗಿ ಮೊದಲಿದ್ದ ಜಾಗಕ್ಕೆ ಬಂದು ಕೂರುತ್ತದೆ. ಕೆಂಪು ಮುಳ್ಳು ಒಂದು ಸುತ್ತು ಬಂದರೆ ನಿಮಿಷ. ಬಲಗಡೆಯ ಪುಟ್ಟ ಮುಖದ ಮುಳ್ಳು ಒಂದು ಸುತ್ತು ಬಂದರೆ ಅಂಥ ಮೂವತ್ತು ನಿಮಿಷ. ಹೊತ್ತು ಎಂಬುದು ಕಣ್ಣಿಗೆ ಕಾಣುವ ವಸ್ತು ಎಂದು ನನಗೆ ಮೂವತ್ತನಾಲ್ಕು ವರ್ಷ ಯಾರೂ ಹೇಳಿರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಊರಿಗೆ ಬಂದ ಮೇಲೆ ಒಂದು ವಾರ ನಾನು ಮನುಷ್ಯನಾಗಿರಲಿಲ್ಲ ಎಂದು ದೇವಿರಮ್ಮ ಹೇಳುತ್ತಾಳೆ. ಅವಳು ಮುದ್ದೆ ತೊಳಸುವುದಕ್ಕೆ ಎಷ್ಟು ಹೊತ್ತು, ಎಮ್ಮೆ ಒಂದು ಬಾನಿ ನೀರು ಕುಡಿಯುವುದಕ್ಕೆ ಎಷ್ಟು ಹೊತ್ತು, ಎಲ್ಲವನ್ನೂ ಗುಂಡಿ ಒತ್ತಿ ನೋಡಿದೆ. ನಾಲೆಯಲ್ಲಿ ಮುಳುಗಿ ಉಸಿರು ಹಿಡಿದು, ನೀರಿನೊಳಗೇ ಕಣ್ಣು ಬಿಟ್ಟು ಮುಳ್ಳನ್ನು ನೋಡಿದೆ. ಅದು ಅಲ್ಲೂ ಓಡುತ್ತಿತ್ತು. ಅದರ ಅಂಕಿಗಳು ಕತ್ತಲೆಯಲ್ಲಿ ಹೊಳೆಯುತ್ತವೆ ಎಂದು ತೋರಿಸಲು ಹಾಡಹಗಲಲ್ಲೇ ದೇವಿರಮ್ಮನನ್ನು ಕರೆದು ರಾಗಿ ಕಣಜದೊಳಗೆ ಕೈ ಇಳಿಬಿಟ್ಟೆ. ಅವಳು ಬಗ್ಗಿ ನೋಡಿದಳು. ಕಣಜದ ಕಪ್ಪಿನೊಳಗೆ ಹಸಿರು ಅಂಕಿಗಳು ಉರಿಯುತ್ತಿದ್ದವು. ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು. ಆಮೇಲೆ ಸುಧಾರಿಸಿಕೊಂಡು, "ರಾಗೀಗೆ ಏನೂ ಆಗಾಕಿಲ್ಲ ತಾನೆ?" ಅಂದಳು.

ಊರಿನವರು ಬಂದು ಕಿವಿಗಿಟ್ಟು ಕೇಳಿ ಹೋದರು. ನಾನು ಬೀಗುತ್ತಿದ್ದೆ. ಆ ಬೀಗಾಟದಲ್ಲೇ ಸಿಕ್ಕಿಬಿದ್ದೆ.

ಕೆರೆಯ ಕೆಳಗಿನ ಬಯಲಿನಲ್ಲಿ ಒಂದು ಕಿರುಗಾಲುವೆಗೆ ನಾವು ಮೂರು ಮನೆಯವರು ಪಾಲುದಾರರು. ಮೇಲಿನ ಗದ್ದೆ ನನ್ನದು, ನಡುವಿನದು ಚೌಡಯ್ಯನದು, ತುದಿಯ ಗದ್ದೆ ಬೆಟ್ಟಮ್ಮನದು. ಮೂರೂ ಒಂದೊಂದು ಎಕರೆ. ನಾಲ್ಕು ದಿನಕ್ಕೊಮ್ಮೆ ನಮ್ಮ ಸರದಿ. ನೀರು ಹಂಚುವವನು ಊರಿನ ನೀರುಗಂಟಿ ಮರಿಯಯ್ಯ. ಅವನಪ್ಪನೂ ನೀರುಗಂಟಿ, ಅವರಪ್ಪನೂ ನೀರುಗಂಟಿ. ಅವನ ಅಳತೆ ಅವನ ಮೈಯ ನೆರಳು. ಬದುವಿನ ಮೇಲಿನ ಮಟ್ಟಸವಾದ ಜಾಗದಲ್ಲಿ ನೆಟ್ಟಗೆ ನಿಂತು, ತನ್ನ ನೆರಳಿನ ತಲೆ ಬಿದ್ದ ಕಡೆ ಒಂದು ಕಲ್ಲು ಹಾಕುತ್ತಿದ್ದ. ಆಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹೆಜ್ಜೆ ಎಣಿಸುತ್ತಿದ್ದ. ಬೆಳಗ್ಗೆ ನೆರಳು ಹನ್ನೆರಡು ಹೆಜ್ಜೆ ಇದ್ದಾಗ ಬೆಟ್ಟಮ್ಮನ ಗದ್ದೆಗೆ ನೀರು, ಒಂಬತ್ತಕ್ಕೆ ಇಳಿದಾಗ ಚೌಡಯ್ಯನಿಗೆ, ಆರಕ್ಕೆ ನನಗೆ, ಮೂರಕ್ಕೆ ಬಂದ್. ತಲೆಗೆ ಮೂರು ಹೆಜ್ಜೆ. ಮೇಲಿನವರು ತುದಿಯವರನ್ನು ಒಣಗಿಸಬಾರದೆಂದು ತುದಿಯ ಗದ್ದೆಗೇ ಮೊದಲ ಸರದಿ. ನಮ್ಮ ಹಿರಿಯರು ಮಾಡಿದ ಈ ಏರ್ಪಾಡು ಎಷ್ಟು ನ್ಯಾಯದ್ದು ಎಂದು ನಾವು ಪಕ್ಕದ ಊರಿನವರಿಗೆ ಹೇಳಿಕೊಂಡು ಮೆರೆಯುತ್ತಿದ್ದೆವು.

ಬೆಟ್ಟಮ್ಮ ಮಾತ್ರ ಪ್ರತಿ ಸರದಿಗೂ ಮರಿಯಯ್ಯನ ಜೊತೆ ಜಗಳವಾಡುತ್ತಿದ್ದಳು. ಅವಳ ಗದ್ದೆಯ ಕೊನೆಯ ಮೂಲೆಗೆ ನೀರು ಯಾವತ್ತೂ ಮುಟ್ಟುತ್ತಿರಲಿಲ್ಲ. ಅವಳ ಗಂಡ ಕೆಂಪಯ್ಯ ಬದುಕಿದ್ದಾಗ ಆ ಮೂಲೆಯನ್ನು ಬೀಳು ಬಿಟ್ಟಿದ್ದ. ಊರು ಅದಕ್ಕೆ ಸೋಮಾರಿ ಮೂಲೆ ಎಂದು ಹೆಸರಿಟ್ಟಿತು. ಬದು ಸರಿಯಾಗಿ ಕಟ್ಟಲ್ಲ, ಮಣ್ಣು ಮಟ್ಟ ಮಾಡಲ್ಲ, ನೀರು ಎಲ್ಲಿಂದ ಬಂದೀತು ಎಂದು ಎಲ್ಲರೂ ಆಡಿಕೊಂಡರು. ನಾನೂ ಆಡಿಕೊಂಡೆ, ಜೋರಾಗಿಯೇ. ಕೆಂಪಯ್ಯ ಆ ಹೆಸರು ಹೊತ್ತುಕೊಂಡೇ ಸತ್ತ. ಅವನು ಸತ್ತ ಮೇಲೂ ಬೆಟ್ಟಮ್ಮನ ಜಗಳ ನಿಲ್ಲಲಿಲ್ಲ.

ಆ ಭಾದ್ರಪದದ ಒಂದು ಬೆಳಗ್ಗೆ ನಾನು ಬದುವಿನ ಮೇಲೆ ನಿಂತು ಚೌಡಯ್ಯನಿಗೂ ಇನ್ನಿಬ್ಬರಿಗೂ ಗುಂಡಿ ಒತ್ತಿ ತೋರಿಸುತ್ತಿದ್ದೆ. ಬೆಟ್ಟಮ್ಮ ಕುಡುಗೋಲು ಹಿಡಿದುಕೊಂಡೇ ಬಂದಳು.

"ಲೇ ಸಿದ್ರಾಜು, ಅದೇನೋ ಒತ್ತನ್ನ ಅಳೀತದಂತಲ್ಲಾ ನಿನ್ ಕೈಲಿರದು?"

"ಅಳೀತದೆ ಕಣಕ್ಕ. ಕಣ್ ಮಿಟುಕ್ಸದ್ನೂ ಅಳೀತದೆ."

"ಕಣ್ ಮಿಟುಕ್ಸದು ಯಾವನ್ಗೆ ಬೇಕು? ನನ್ ನೀರ ಅಳಿ. ಈ ಮರಿಯ ನನ್ ಸರ್ದಿ ಬಂದಾಗ ಎಜ್ಜೆ ಉದ್ದುದ್ದ ಇಕ್ಕಿ ಕದೀತಾನೆ."

ಮರಿಯಯ್ಯ ದೂರದಲ್ಲಿ ನಿಂತು ತಲೆಯ ಬಟ್ಟೆ ತೆಗೆದು ಕಂಕುಳಲ್ಲಿಟ್ಟುಕೊಂಡ. "ನನ್ ಪಾದ ಎಲ್ರಿಗೂ ಒಂದೇಯ ಕಣವ್ವಾ" ಅಂದ. ಅವನಿಗೆ ಇದ್ದ ಆಸ್ತಿ ಆ ಒಂದು ಮಾತೇ.

ನನಗೆ ಬೆಟ್ಟಮ್ಮನ ಮೇಲೆ ರೇಗಿತು. "ಆಯ್ತು ಕಣಕ್ಕ, ಇವತ್ತೇ ಅಳ್ದು ಅರಳೀಕಟ್ಟೇಲಿ ಎಲ್ರ ಮುಂದೆ ಏಳ್ತೀನಿ. ಆಮ್ಯಾಲೆ ನೀನು ಬಾಯಿ ಮುಚ್ಕಬೇಕು" ಅಂದೆ.

"ಮುಚ್ಕತೀನಿ. ನಿಜ ಏಳ್ಬೇಕು ನೀನು."

ಮರಿಯಯ್ಯ ಹನ್ನೆರಡು ಹೆಜ್ಜೆ ಎಣಿಸಿ, ಬೆಟ್ಟಮ್ಮನ ಗದ್ದೆಯ ಬಾಯಿಯ ಮಣ್ಣು ತೆಗೆದು ನೀರು ಬಿಟ್ಟ. ನಾನು ಗುಂಡಿ ಒತ್ತಿದೆ. ನೆರಳು ಒಂಬತ್ತಕ್ಕೆ ಬಂದಾಗ ನಿಲ್ಲಿಸಿದೆ. ಪುಟ್ಟ ಮುಖದ ಮುಳ್ಳು ಸರಿಯಾಗಿ ಒಂದು ಸುತ್ತು ಬಂದು ನಿಂತಿತ್ತು. ಬೆಟ್ಟಮ್ಮನಿಗೆ ಅಂಕಿ ಬಾರದು, ಸುತ್ತು ತಿಳಿಯುತ್ತದೆ. ಅವಳು ಕೈ ಒರೆಸಿಕೊಂಡು ಬಗ್ಗಿ ನೋಡಿ, "ಒಂದು ಸುತ್ತು ನಂದು. ನಿಂದೆಷ್ಟು ಸುತ್ತು?" ಅಂದಳು.

"ನಂದೂ ಮೂರೆಜ್ಜೇನೇ. ನಂದೂ ಒಂದೇ ಸುತ್ತು" ಅಂದೆ. ಅಳೆಯುವ ಮೊದಲೇ ಅಂದುಬಿಟ್ಟೆ.

ಅವಳು ಹೊರಟುಹೋದಳು. ಚೌಡಯ್ಯನ ಸರದಿಗೂ ಗುಂಡಿ ಒತ್ತಿದೆ. ಮುಳ್ಳು ಒಂದು ಸುತ್ತು ಮುಗಿಸಿ ಇನ್ನೂ ಅರ್ಧ ಸುತ್ತು ಹೋಯಿತು. ಎಲ್ಲೋ ಎಡವಟ್ಟಾಗಿದೆ ಎಂದುಕೊಂಡೆ. ನನ್ನ ಸರದಿ ಬಂತು. ಒಂದು ಸುತ್ತು ಬಂತು, ನೆರಳು ಇನ್ನೂ ಐದು ಹೆಜ್ಜೆಯ ಹತ್ತಿರವೇ ಇತ್ತು. ಎರಡನೆಯ ಸುತ್ತು ಬಂತು. ನೀರು ನನ್ನ ಗದ್ದೆಯ ಮೂಲೆ ಮೂಲೆಯನ್ನೂ ತುಂಬಿ, ಪೈರಿನ ಬುಡದಲ್ಲಿ ಬಿಸಿಲು ಹೊಡೆದು ಹೊಳೆಯುತ್ತಿತ್ತು. ಮರಿಯಯ್ಯ ಮೂರು ಹೆಜ್ಜೆ ಎಣಿಸಿ ಬಾಯಿ ಮುಚ್ಚುವ ಹೊತ್ತಿಗೆ ಮುಳ್ಳು ಎರಡೂವರೆ ಸುತ್ತು ತಿರುಗಿತ್ತು.

ಮರಿಯಯ್ಯ ಕಳ್ಳನಲ್ಲ, ಅವನ ಹೆಜ್ಜೆಗಳನ್ನು ನಾನೇ ಪಕ್ಕದಲ್ಲಿ ನಿಂತು ಎಣಿಸಿದ್ದೆ. ಹಾಗಾದರೆ ಗಡಿಯಾರವೇ ಕೆಟ್ಟಿರಬೇಕು. ಬೇರೆ ಏನು ಯೋಚಿಸಲಿ? ಅರಳೀಕಟ್ಟೆಯಲ್ಲಿ ಕೇಳಿದವರಿಗೆ, ಕೀಲು ಸ್ವಲ್ಪ ಸಡಿಲವಾಗಿದೆ, ರಿಪೇರಿ ಮಾಡಿಸಿಕೊಂಡು ಬಂದು ಹೇಳುತ್ತೇನೆ ಎಂದೆ. ನೀರಿನಲ್ಲಿ ಮುಳುಗಿದರೂ ಕೆಡದ ಗಡಿಯಾರ ಎಂದು ವಾರವಿಡೀ ಸಾರಿದವನು ನಾನೇ. ಬೆಟ್ಟಮ್ಮ ನನ್ನ ಮುಖವನ್ನೇ ನೋಡಿದಳು.

ಮಾರನೆಯ ದಿನ ಮಂಡ್ಯಕ್ಕೆ ಹೋದೆ. ಪೇಟೆ ಬೀದಿಯಲ್ಲಿ ನಿಜಾಮುದ್ದೀನ್ ಸಾಬರದು ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಅವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನನ್ನ ಗಡಿಯಾರವನ್ನು ಅಂಗೈ ಮೇಲಿಟ್ಟುಕೊಂಡವರು ಬಹಳ ಹೊತ್ತು ಉಸಿರನ್ನೇ ಬಿಡಲಿಲ್ಲ.

"ಮಾಶಾ ಅಲ್ಲಾ. ಇದರ ಬೆನ್ನು ನಾನು ಬಿಚ್ಚಲ್ಲ ಸಿದ್ದರಾಜಣ್ಣ. ಬಿಚ್ಚೋ ಯೋಗ್ಯತೆ ನನಗಿಲ್ಲ" ಅಂದರು. ಒಂದು ದಿನ ಇಟ್ಟುಕೊಂಡು, ಸ್ಟೇಷನ್ನಿನ ಗಡಿಯಾರದ ಪಕ್ಕದಲ್ಲಿ ಹಿಡಿದು ಹಿಡಿದು ನೋಡಿದರಂತೆ. ಮರುದಿನ ಹೋದಾಗ ಒಂದು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ಇದು ಸುಳ್ಳು ಹೇಳಲ್ಲ. ನಿಮಗೆ ಯಾಕೆ ಅನುಮಾನ ಬಂತು?"

ನಾನು ನೆರಳಿನ ವಿಷಯ ಹೇಳಿದೆ. ಅವರು ಕಣ್ಣಿನ ಗಾಜು ತೆಗೆದಿಟ್ಟು ನಕ್ಕರು.

"ಅಷ್ಟೇನಾ? ನಮ್ಮ ತಂದೆಯವರು ಮಸೀದಿ ಅಂಗಳದಲ್ಲಿ ಕೋಲು ನೆಟ್ಟು ನಮಾಜಿನ ವೇಳೆ ನೋಡ್ತಿದ್ರು. ಸಣ್ಣವನಿದ್ದಾಗ ನಾನು ಪಕ್ಕದಲ್ಲಿ ಕೂತು ನೋಡಿದೀನಿ. ಬೆಳಿಗ್ಗೆ ನೆರಳು ಓಡ್ತದೆ ಸಿದ್ದರಾಜಣ್ಣ, ಹಿಡಿಯಕ್ಕಾಗಲ್ಲ. ಹೊತ್ತು ಏರ್ತಾ ಏರ್ತಾ ಕಾಲೆಳೀತದೆ. ನೆತ್ತಿ ಹತ್ರ ಬಂದ್ಮೇಲಂತೂ ನಿಂತೇ ಬಿಡ್ತೇನೋ ಅನ್ನಿಸ್ತದೆ. ಬೆಳಿಗ್ಗೆ ಮೂರು ಹೆಜ್ಜೆ, ಮಧ್ಯಾಹ್ನದ ಮೂರು ಹೆಜ್ಜೆ, ಎರಡೂ ಒಂದೇ ಅಂತ ಯಾರು ಹೇಳಿದ್ದು ನಿಮಗೆ?"

ಯಾರು ಹೇಳಿದ್ದು? ಯಾರೂ ಹೇಳಿರಲಿಲ್ಲ. ಎಲ್ಲರೂ ನಂಬಿದ್ದೆವು.

ಊರಿಗೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ನನ್ನ ನೆರಳು ನನ್ನ ಜೊತೆಗೇ ಬರುತ್ತಿತ್ತು. ಹುಟ್ಟಿದಾಗಿನಿಂದ ಕಾಲಡಿಯಲ್ಲೇ ಬಿದ್ದುಕೊಂಡಿರುವ ಇದನ್ನು ನಾನು ಒಮ್ಮೆಯೂ ನೋಡಿರಲಿಲ್ಲವಲ್ಲ ಎಂದು ಎದೆ ಝಲ್ಲೆಂದಿತು. ಸೂರ್ಯ ಎಲ್ಲರಿಗೂ ಸಮನಾಗಿ ನಡೆಯುತ್ತಾನೆ, ಅವನು ಬೀಳಿಸುವ ನೆರಳು ಹಾಗೆ ನಡೆಯುವುದಿಲ್ಲ. ಅಷ್ಟು ದೊಡ್ಡ ವಿಷಯ ನನ್ನ ಮಣಿಕಟ್ಟಿನ ಮೇಲಿನ ಒಂದು ಹುರುಳಿಕಾಳಿನಷ್ಟು ಮುಳ್ಳಿಗೆ ತಿಳಿದಿತ್ತು. ಆ ಭಯಕ್ಕೆ ಮಂಡ್ಯದ ರಸ್ತೆಯಲ್ಲೇ ಕೈಮುಗಿಯಬೇಕೆನ್ನಿಸಿತು. ಯಾರಿಗೆ ಎಂದು ತಿಳಿಯದೆ ಸುಮ್ಮನಾದೆ.

ಆಮೇಲೆ ನನ್ನ ಬುದ್ಧಿ ಬೇರೆ ಕಡೆ ಹೊರಳಿತು. ಇದು ಊರಲ್ಲಿ ಗೊತ್ತಿರುವುದು ನನಗೊಬ್ಬನಿಗೇ. ಹೇಳಿದರೆ ನನ್ನ ಗದ್ದೆಯ ನೀರೇ ಕಡಿಮೆಯಾಗುತ್ತದೆ. ಮುಂದಿನ ಸರದಿಯ ಬೆಳಗ್ಗೆ ಎತ್ತಿನ ಕಾಲು ಉಳುಕಿದೆ ಎಂದು ನೆಪ ಹೇಳಿ ಹಟ್ಟಿಯಲ್ಲೇ ಕೂತೆ. ಗಡಿಯಾರವನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟೆ. ಅದು ಗೂಡಿನಲ್ಲೂ ಓಡುತ್ತಿತ್ತು, ಕಂಬಕ್ಕೆ ಒರಗಿ ಕೂತವನಿಗೆ ಕೇಳುತ್ತಿತ್ತು. ದೇವಿರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ.

"ನೀರಲ್ಲಿ ಮುಳುಗ್ಸುದ್ರೂ ನಿಲ್ಲಾಕಿಲ್ಲ ಅಂತ ಊರೆಲ್ಲ ತಮಟೆ ಒಡೆದ್ರಿ" ಅಂದಳು, ಒಲೆಯ ಮುಂದಿನಿಂದ ತಲೆ ಎತ್ತದೆ. "ಒಂದ್ ಮಾತು ಆಡಕ್ಕೆ ನಿಮ್ ನಾಲ್ಗೆ ನಿಂತೋಯ್ತಲ್ಲ. ಆ ಯಮ್ಮನ್ ಗಂಡನ್ನೂ ಸೋಮಾರಿ ಅಂತ ಬಯ್ದು ಬಯ್ದು ಸಾಯ್ಸಿದ್ರಿ."

ನಾನು ತಟ್ಟೆ ತಳ್ಳಿ ಎದ್ದೆ. ಸಿಟ್ಟಿನಲ್ಲೇ ಗಡಿಯಾರ ಕಟ್ಟಿಕೊಂಡು ಮರಿಯಯ್ಯನನ್ನು ಹುಡುಕಿಕೊಂಡು ಹೋದೆ. ನಾಳೆ ಬೆಳಗ್ಗೆ ಬದುವಿನ ಹತ್ತಿರ ಬಾ ಎಂದಷ್ಟೇ ಹೇಳಿ ಬಂದೆ.

ಮಾರನೆಯ ದಿನ ನಮ್ಮ ಸರದಿ ಇರಲಿಲ್ಲ, ಕಾಲುವೆ ಒಣಗಿತ್ತು. ಬಿಸಿಲು ಚೆನ್ನಾಗಿತ್ತು. ಪುಟ್ಟ ಮುಳ್ಳಿನ ಸುತ್ತು ಹೇಗೆ ನೋಡಬೇಕು ಎಂದು ಅವನಿಗೆ ತೋರಿಸಿಕೊಟ್ಟೆ. ನೀನೇ ಹಿಡಿದುಕೊಂಡು ನೋಡು ಎಂದರೆ ಅವನು ಕೈ ಹಿಂದಕ್ಕೆ ಎಳೆದುಕೊಂಡ. ಕೆಸರು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದೀತೆಂಬ ಹೆದರಿಕೆಗೆ ನಾನೇ ಅವನ ಮಣಿಕಟ್ಟು ಹಿಡಿದು ಪಟ್ಟಿ ಬಿಗಿದೆ. ಕಟ್ಟಿ ಮುಗಿದ ಮೇಲೆ ನೋಡುತ್ತೇನೆ, ನಾನು ಮರಿಯಯ್ಯನನ್ನು ಮುಟ್ಟಿದ್ದೆ. ನಮ್ಮ ಮನೆಯ ಯಾರೂ ಅವರ ಮನೆಯ ಯಾರನ್ನೂ ಮುಟ್ಟಿರಲಿಲ್ಲ.

ಅವನು ಹನ್ನೆರಡು ಹೆಜ್ಜೆಯ ಕಲ್ಲು ಇಟ್ಟ. ನಾನು ಗುಂಡಿ ಒತ್ತಿ ದೂರ ಕೂತೆ. ಒಂಬತ್ತರ ಕಲ್ಲು, ಆರರ ಕಲ್ಲು, ಮೂರರ ಕಲ್ಲು. ಪ್ರತಿ ಕಲ್ಲಿಗೂ ಅವನು ಬೆರಳು ಮಡಚಿ ಸುತ್ತು ಎಣಿಸಿಕೊಂಡ. ಒಂದು, ಒಂದೂವರೆ, ಎರಡೂವರೆ. ಕೊನೆಯ ಕಲ್ಲು ಇಟ್ಟವನು ಅಲ್ಲೇ ಕುಕ್ಕರಿಸಿದ. ತನ್ನ ಎರಡು ಪಾದಗಳನ್ನೂ ಹತ್ತಿರ ಎಳೆದುಕೊಂಡು ನೋಡುತ್ತ ಕೂತ.

"ನಲವತ್ ವರ್ಸ ಬುದ್ದಿ" ಅಂದ. "ಒಂದ್ ಎಜ್ಜೆ ಎಚ್ಗೆ ಇಕ್ಲಿಲ್ಲ, ಒಂದ್ ಎಜ್ಜೆ ಕಮ್ಮಿ ಇಕ್ಲಿಲ್ಲ. ಆ ತಾಯಿ ಕಳ್ಳ ಅಂದಾಗೆಲ್ಲ ದೇವ್ರು ನೋಡ್ಕತಾನೆ ಬುಡು ಅಂದ್ಕತಿದ್ದೆ. ಕದ್ದಿದ್ದು ನನ್ ಪಾದವೇಯ."

"ನಿನ್ ಪಾದದ್ದೇನು ತಪ್ಪು? ನೆಳ್ಳಿಂದು" ಅಂದೆ.

ಅವನು ಬಹಳ ಹೊತ್ತು ಲೆಕ್ಕ ಹಾಕಿದ. ಒಟ್ಟು ಐದು ಸುತ್ತು, ಮೂರು ಮನೆ. ಒಂದು ಸುತ್ತು ಮುಗಿದ ಮೇಲೆ ಮುಳ್ಳು ಇನ್ನೂ ಮೂರರಲ್ಲಿ ಎರಡು ಪಾಲು ಹೋಗಬೇಕು. ಎಲೆಅಡಿಕೆಯ ಸುಣ್ಣವನ್ನು ಉಗುರಿನ ತುದಿಗೆ ತೆಗೆದುಕೊಂಡು ಆ ಜಾಗವನ್ನು ಗಾಜಿನ ಮೇಲೆ ಗುರುತು ಮಾಡಿಕೊಂಡ. "ನಿಮ್ ನೀರು ಕಮ್ಮಿ ಆಯ್ತದೆ ಬುದ್ದಿ" ಅಂದ.

"ಗೊತ್ತು ಕಣಯ್ಯಾ" ಎಂದು ಗದರಿದೆ. "ಬೆಟ್ಟಕ್ಕನ್ಗೆ ಯಾರು ಏಳದು?"

"ಮೊದ್ಲು ನೀರು ಓಗ್ಲಿ. ಮಾತು ಆಮ್ಯಾಕೆ."

ಅವನ ಮಾತು ನನಗೆ ಅನುಕೂಲವಾಗಿಯೇ ಕಂಡಿತು.

ಮುಂದಿನ ಸರದಿಯ ಬೆಳಗ್ಗೆ ಗಡಿಯಾರ ಮರಿಯಯ್ಯನ ಕೈಯಲ್ಲಿತ್ತು. ಅವನು ಅದನ್ನು ಎದೆಗೆ ಒತ್ತಿ ಹಿಡಿದು, ಎಳೆಗೂಸನ್ನು ಎತ್ತಿಕೊಂಡವನ ಹಾಗೆ ಬದುವಿನ ಮೇಲೆ ನಡೆಯುತ್ತಿದ್ದ. ಬೆಟ್ಟಮ್ಮ ಗದ್ದೆಯ ನಡುವೆ ಕಳೆ ಕೀಳುತ್ತಿದ್ದಳು. ನೀರು ಬಿಟ್ಟ. ನೀರು ಮೊದಲ ಮಡಿ ತುಂಬಿ, ಎರಡನೆಯದು ತುಂಬಿ, ಎಂದಿನಂತೆ ಮೂರನೆಯದರ ನಡುವಿನವರೆಗೆ ಬಂತು. ಪುಟ್ಟ ಮುಳ್ಳು ಒಂದು ಸುತ್ತು ಮುಗಿಸಿತು. ಮರಿಯಯ್ಯ ಕದಲಲಿಲ್ಲ.

ಬೆಟ್ಟಮ್ಮ ಬೆನ್ನು ನೆಟ್ಟಗೆ ಮಾಡಿದಳು. ತನ್ನ ನೆರಳು ನೋಡಿಕೊಂಡಳು. ಕಾಲುವೆಯ ಬಾಯಿ ನೋಡಿದಳು. ಸರದಿ ತಪ್ಪದೆ ಜಗಳವಾಡಿದ ಹೆಂಗಸು, ಈಗ ಏನು ಅನ್ನುತ್ತಾಳೋ ಎಂದು ನಾನು ನೋಡುತ್ತ ನಿಂತೆ.

"ಲೇ ಮರಿಯ!" ಎಂದು ಕೂಗಿದಳು. "ನೆಳ್ಳು ಒಂಬತ್ತೆಜ್ಜೆ ಆಯ್ತು ಕಣ್ಲಾ! ನಿದ್ದೆ ಮಾಡ್ತಿದ್ದೀಯಾ? ಮುಚ್ಲಾ ಬಾಯ! ಬ್ಯಾರೇವ್ರ ನೀರು ನಂಗ್ಯಾಕೆ?"

ಮರಿಯಯ್ಯ ನನ್ನ ಕಡೆ ನೋಡಿದ. ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಇಷ್ಟು ವರ್ಷ ಇವಳು ಹೆಚ್ಚಿಗೆ ಕೇಳುತ್ತಾಳೆ ಎಂದುಕೊಂಡಿದ್ದೆವಲ್ಲ! ಅವಳು ಗುದ್ದಲಿ ಎತ್ತಿಕೊಂಡು ತಾನೇ ಬಾಯಿ ಮುಚ್ಚಲು ಬರುತ್ತಿದ್ದಳು. ನಾನು ಗದ್ದೆಗೆ ಇಳಿದು ಅಡ್ಡ ನಿಂತೆ.

"ಮುಚ್ಬ್ಯಾಡ ಕಣಕ್ಕ. ಇದು ನಿಂದೇ ನೀರು."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ನಿನ್ನದು ಒಂದು ಸುತ್ತು, ನನ್ನದು ಎರಡೂವರೆ ಎಂದೆ. ಅಳೆದ ದಿನವೇ ಗೊತ್ತಾಗಿತ್ತು, ಹೇಳದೆ ಮುಚ್ಚಿಟ್ಟೆ ಎಂದೆ. ಅವಳು ಗುದ್ದಲಿ ಊರಿಕೊಂಡು ಕೇಳಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

ಅಷ್ಟರಲ್ಲಿ ಸೋಮಾರಿ ಮೂಲೆಯ ಕಡೆಯಿಂದ ಸಣ್ಣಗೆ ಸುಂಯ್ ಎಂಬ ಸದ್ದು ಬಂತು. ಮೂವರೂ ತಿರುಗಿದೆವು. ನೀರು ಆ ಮೂಲೆಯನ್ನು ಮುಟ್ಟಿತ್ತು. ಬಿರುಕು ಬಿಟ್ಟ ನೆಲ ಒಂದೊಂದೇ ಬಿರುಕಿನಿಂದ ಗಾಳಿ ಬಿಡುತ್ತ ನೀರು ಕುಡಿಯುತ್ತಿತ್ತು. ನೀರು ಎಲ್ಲೂ ಹಳ್ಳಕ್ಕೆ ಸರಿಯದೆ, ಎಲ್ಲೂ ನಿಲ್ಲದೆ, ಬದುವಿನ ಕೊನೆಯವರೆಗೂ ಒಂದೇ ಸಮನಾಗಿ ಹರಡಿಕೊಂಡಿತು. ಕೆಂಪಯ್ಯ ಆ ನೆಲವನ್ನು ಎಷ್ಟು ಮಟ್ಟಸವಾಗಿ ಮಾಡಿಟ್ಟಿದ್ದ ಎಂಬುದು ಅವನು ಸತ್ತು ಆರು ವರ್ಷಕ್ಕೆ ನಮ್ಮ ಕಣ್ಣಿಗೆ ಬಿತ್ತು.

ಬೆಟ್ಟಮ್ಮ ಆ ಮೂಲೆಗೆ ನಡೆದುಹೋಗಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳು. ನಮ್ಮ ಕಡೆ ತಿರುಗಲಿಲ್ಲ.

"ಅಂಗಾರೆ ನಮ್ಮೋನು ಸೋಮಾರಿ ಆಗಿರ್ನಿಲ್ಲ" ಅಂದಳು.

"ಆಗಿರ್ನಿಲ್ಲ ಕಣಕ್ಕ."

"ನಂಗ್ಯಾಕ್ಲಾ ಏಳ್ತೀಯೆ? ನಂಗೊತ್ತಿತ್ತು. ಓಗಿ ಅರಳೀಕಟ್ಟೇಲಿ ಏಳು."

ಮರಿಯಯ್ಯ ಗಾಜಿನ ಮೇಲಿನ ಸುಣ್ಣದ ಗುರುತನ್ನೇ ನೋಡುತ್ತಿದ್ದವನು, ಮುಳ್ಳು ಅಲ್ಲಿಗೆ ಬಂದ ಕೂಡಲೇ ಬಗ್ಗಿ ಅವಳ ಗದ್ದೆಯ ಬಾಯಿಗೆ ಮಣ್ಣು ಕೊಟ್ಟು ಚೌಡಯ್ಯನದನ್ನು ಬಿಟ್ಟ. ನಾನು ಕಾಲು ತೊಳೆದುಕೊಳ್ಳದೆ ಊರಿನ ಕಡೆ ನಡೆದೆ.